ಬಯಲಿನ ಜೆಟ್

ಮೋಟಾರ್ ಸೈಕಲ್ಲು ಗೇಟಿನ ಹತ್ತಿರ ಬಂದು ಆಕ್ಸಿಲರೇಟರ್ ಬಿಟ್ಟ ಕೂಡಲೇ ಸೈಲೆನ್ಸರಿನೊಳಗೆ ಪಟಪಟ ಸಿಡಿಯುತ್ತಿತ್ತು. ಮೊದಲ ಸಲ ಪಕ್ಕದ ಮನೆಯ ನಾಯಿ ಬೆಚ್ಚಿ ಎದ್ದು ಕಾರಿನ ಕೆಳಗೆ ನುಸುಳಿತ್ತು. ಈಗ ಅದು ಕಣ್ಣು ಕೂಡ ಬಿಡುವುದಿಲ್ಲ. ಒಗ್ಗಿಕೊಳ್ಳದೆ ಉಳಿದವರು ಮಾವ ಒಬ್ಬರೇ.

"ಟವರ್ ಸಾಹೇಬ್ರೇ, ನನ್ನ ಹೊಲಿಗೆ ಮೆಷೀನು ನನ್ನ ಮದುವೆಗಿಂತ ಹಳೇದು. ಇವತ್ತಿನವರೆಗೆ ಒಂದು ಸಲ ಕೆಮ್ಮಿಲ್ಲ. ನಿಮ್ಮ ಗಾಡಿಗೇನು ರೋಗ?"

ಬೆಟ್ಟದ ತುದಿಯ ಪ್ರಸಾರ ಗೋಪುರದಲ್ಲಿ ಟೆಕ್ನೀಷಿಯನ್ ಆಗಿದ್ದ ಅಳಿಯನಿಗೆ ಟೈಲರ್ ಮಾವ ಆ ಹೆಸರಿಟ್ಟಿದ್ದು ಮದುವೆ ಮಾತುಕತೆಯ ದಿನವೇ. ಅವನು ಹೆಲ್ಮೆಟ್ ತೆಗೆದು ಹ್ಯಾಂಡಲಿಗೆ ಸಿಕ್ಕಿಸಿದ.

"ಪೆಟ್ರೋಲ್ ಕಡಿಮೆ ಬೀಳ್ತಿದೆ ಮಾವ. ಗಾಳಿ ಜಾಸ್ತಿ ಆಗಿದೆ."

"ಗಾಳಿ ಜಾಸ್ತಿ ಆದ್ರೆ ನನಗೂ ಹಿಂಗೇ ಸದ್ದು ಬರುತ್ತೆ. ನಿಮ್ಮತ್ತೇನ ಕೇಳಿ."

ಒಳಗಿನಿಂದ ಅತ್ತೆ ಏನಾದರೂ ತಿರುಗೇಟು ಕೊಡಬೇಕಿತ್ತು. ಕೊಡಲಿಲ್ಲ. ಈ ಮನೆಯಲ್ಲಿ ಇತ್ತೀಚೆಗೆ ಮಾವ ತಮಾಷೆ ಮಾಡುತ್ತಾರೆ, ಅದನ್ನು ಯಾರೂ ಎತ್ತಿಕೊಳ್ಳುವುದಿಲ್ಲ. ಮಾವನೂ ಅದಕ್ಕೆ ಬೇಸರ ಪಡದೆ ಮತ್ತೆ ಪೆಡಲ್ ತುಳಿಯಲು ಕೂರುತ್ತಾರೆ.

ಮಗು ಹೋಗಿ ತಿಂಗಳ ಮೇಲಾಗಿತ್ತು. ಎಂಟು ತಿಂಗಳ ಹೆಣ್ಣುಮಗು, ಶ್ವಾಸಕೋಶದ ಸೋಂಕು. ಗೋಪುರದ ಜೀಪಿನಲ್ಲಿ ಅದನ್ನು ಕೆಳಗಿನ ಆಸ್ಪತ್ರೆಗೆ ತಂದಿದ್ದರು. ವೈದ್ಯರು ಮಾಡುವುದನ್ನೆಲ್ಲ ಮಾಡಿದರು, ಆಮೇಲೆ ಹೊರಗೆ ಬಂದು ಹೇಳಿದರು. ಗಂಡ ಹೆಂಡತಿ ಅಲ್ಲಿಂದ ನೇರ ಅವಳ ತವರಿಗೆ ಬಂದವರು ಮತ್ತೆ ಬೆಟ್ಟ ಹತ್ತಿರಲಿಲ್ಲ. ಈಗ ಅವನ ರಜೆ ಮುಗಿದಿತ್ತು. ಸೋಮವಾರ ಡ್ಯೂಟಿಗೆ ಹಾಜರಾಗಬೇಕು. ಹೆಂಡತಿ ಜೊತೆಗೆ ಬರುತ್ತಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕೇಳಿದರೆ ತಾನೇ ಗೊತ್ತಾಗುವುದು. ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ. ಅತ್ತೆ ಮಾವ ಇಬ್ಬರೂ ಅದು ಗಂಡ ಹೆಂಡಿರ ಮಾತು ಎಂದು ದೂರ ಉಳಿದಿದ್ದರು. ಹೀಗೆ ನಾಲ್ಕು ಜನ ಇರುವ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿದ್ದ ಒಂದೇ ಮಾತು ಯಾರ ಬಾಯಲ್ಲೂ ಇರಲಿಲ್ಲ.

ಗಾಡಿಯನ್ನು ಕೆಳಗೆ ತಂದುಕೊಟ್ಟವನು ಜೀಪಿನ ಡ್ರೈವರ್. ಒಳ್ಳೆಯ ಮನಸ್ಸಿನಿಂದಲೇ ತಂದಿದ್ದ, ಆದರೆ ಜೆಟ್ಟಿನ ವಿಷಯ ಅವನಿಗೆ ಗೊತ್ತಿರಲಿಲ್ಲ. ಕಾರ್ಬುರೇಟರಿನ ಒಳಗೆ ಹಿತ್ತಾಳೆಯದೊಂದು ಪುಟ್ಟ ತುಂಡು ಇರುತ್ತದೆ, ಶರ್ಟಿನ ಗುಂಡಿಗಿಂತ ಚಿಕ್ಕದು. ನಡುವೆ ಕೂದಲೆಳೆ ತೂರುವಂಥ ತೂತು. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕು ಎಂಬುದನ್ನು ಆ ತೂತು ತೀರ್ಮಾನಿಸುತ್ತದೆ. ಬೆಟ್ಟದ ಮೇಲೆ ಗಾಳಿ ತೆಳು, ಹಾಗಾಗಿ ಪೆಟ್ರೋಲೂ ಕಡಿಮೆ ಸಾಕು. ಅಲ್ಲಿಗೆ ಅವನು ತೊಂಬತ್ತೈದನೇ ನಂಬರಿನ ಜೆಟ್ ಹಾಕುತ್ತಿದ್ದ. ಬಯಲಿನಲ್ಲಿ ಗಾಳಿ ದಟ್ಟ, ಅಲ್ಲಿಗೆ ನೂರೈದು. ಅದಲು ಬದಲಾದರೆ ಬೆಟ್ಟದ ಮೇಲೆ ಕಪ್ಪು ಹೊಗೆ ಕಾರುತ್ತದೆ, ಬಯಲಿನಲ್ಲಿ ಸಿಡಿಯುತ್ತದೆ. ಸಿಡಿಯುವುದೊಂದೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಪೆಟ್ರೋಲ್ ಸಾಲದ ಎಂಜಿನ್ ವಿಪರೀತ ಕಾಯುತ್ತದೆ, ಒಂದು ದಿನ ಓಡುತ್ತಿದ್ದ ಹಾಗೆಯೇ ಪಿಸ್ಟನ್ ಕಚ್ಚಿಕೊಳ್ಳುತ್ತದೆ.

ಬೆಟ್ಟ ಇಳಿಯುವಾಗ, ಹತ್ತುವಾಗ ಜೆಟ್ ಬದಲಾಯಿಸಲು ಗಂಡ ಹೆಂಡತಿಯದೊಂದು ಜಾಗವಿತ್ತು. ಅರ್ಧ ದಾರಿಯ ತಿರುವಿನಲ್ಲಿ ಒಂದು ಸಿಮೆಂಟಿನ ತೊಟ್ಟಿ, ಪಕ್ಕದಲ್ಲಿ ಗಾಡಿ ನಿಲ್ಲಿಸುವಷ್ಟು ಸಮತಟ್ಟು. ಪೆಟ್ರೋಲ್ ನಿಲ್ಲುವ ಬೌಲಿನ ತಳದ ದೊಡ್ಡ ನಟ್ ಬಿಚ್ಚಿದರೆ ಜೆಟ್ ನೇರ ಕೈಗೆ ಸಿಗುವಂಥ ಕಾರ್ಬುರೇಟರ್ ಅದು. ಅವನು ಮಂಡಿಯೂರಿ ಬಿಚ್ಚುತ್ತಿದ್ದ, ಅವಳು ಟಿಫಿನ್ ಡಬ್ಬಿಯ ಮುಚ್ಚಳ ಹಿಡಿದು ಸೋರುವ ಪೆಟ್ರೋಲನ್ನು ಹಿಡಿಯುತ್ತಿದ್ದಳು. ಹಳೆಯ ಜೆಟ್ ಮುಚ್ಚಳಕ್ಕೆ, ಹೊಸದು ಅವಳ ಅಂಗೈಯಿಂದ ಅವನ ಕೈಗೆ. ಮಾತ್ರೆಯ ಒಂದು ಪುಟ್ಟ ಸೀಸೆಯಲ್ಲಿ ಬಳಸದ ಜೆಟ್ ಇರುತ್ತಿತ್ತು; ಸೀಸೆ ಅವಳ ವಶ. ಅವನ ಕೈಯಲ್ಲಿ ಕೊಟ್ಟರೆ ಎರಡನೇ ದಿನಕ್ಕೇ ಮಾಯ ಎಂದು ಅವಳ ನಂಬಿಕೆ. ಅದೇನೂ ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ಅವನು ಜಗಲಿಯಲ್ಲಿ ಹಳೆಯ ಪತ್ರಿಕೆ ಹಾಸಿ ಕೂತ. ಅತ್ತೆಯಿಂದ ಒಂದು ಸ್ಟೀಲ್ ತಟ್ಟೆ ಕೇಳಿ ತಂದ. ಮಾವ ಕತ್ತರಿಸಿ ಉಳಿದ ಬಟ್ಟೆ ಚೂರುಗಳನ್ನು ಒಂದು ಹಿಡಿ ತಂದು ಮುಂದಿಟ್ಟರು.

"ಒರೆಸೋಕೆ ತಗೊಳ್ಳಿ. ಅಪ್ಪಟ ಹತ್ತಿ."

"ಹತ್ತಿ ಬೇಡ ಮಾವ. ಎಳೆ ಬಿಡುತ್ತೆ. ಒಂದು ಎಳೆ ತೂತಲ್ಲಿ ಕೂತ್ರೆ ಗಾಡಿ ಅಲ್ಲಾಡಲ್ಲ."

"ಅಯ್ಯೋ ಶಿವನೇ, ನಮ್ಮ ಅಂಗಡಿಯಲ್ಲಿ ಎಳೆ ಬಿಡದ ಬಟ್ಟೆ ಅಂದ್ರೆ ನೈಲಾನು. ತಡೀರಿ, ಒಬ್ಬಳು ಡ್ಯಾನ್ಸ್ ಮೇಷ್ಟ್ರಮ್ಮ ಕೊಟ್ಟಿದ್ದು ಉಳಿದಿದೆ."

ಗುಲಾಬಿ ಬಣ್ಣದ ಹೊಳೆಯುವ ನೈಲಾನ್ ಬಂತು. ಅವನು ಪೆಟ್ರೋಲ್ ಕಾಕ್ ಬಂದ್ ಮಾಡಿ ಪೈಪು ಕಿತ್ತ. ಕ್ಲಾಂಪ್ ಸಡಿಲಿಸಿ ಕಾರ್ಬುರೇಟರನ್ನು ಒಂದು ಕಡೆಗೆ ವಾಲಿಸಿದ. ಪೂರಾ ಬಿಚ್ಚಿ ಕೆಳಗಿಟ್ಟು ಎಲ್ಲವನ್ನೂ ತೊಳೆಯೋಣ ಎಂದುಕೊಂಡ. ಬೌಲಿನ ತಳದಲ್ಲಿ ಮರಳಿನಂಥ ಕಂದು ಕಸ ಒಂದಿಷ್ಟು ಕೂತಿತ್ತು. ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್ ಸರಾಗವಾಗಿ ಏರಿ ಇಳಿಯುತ್ತಿತ್ತು. ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಡ್ರೈವರ್ ಬೆಟ್ಟ ಇಳಿಸಿದ್ದು, ತಾನು ಇಲ್ಲಿ ಔಷಧಿ ಅಂಗಡಿಗೆ, ಬ್ಯಾಂಕಿಗೆ ಓಡಾಡಿದ್ದು ಎಲ್ಲ ಸೇರಿ ಇನ್ನು ಕೆಲವೇ ದಿನಗಳ ಮಾತು ಎಂದು ಆ ಬಿಳುಪು ಹೇಳುತ್ತಿತ್ತು. ಗಾಡಿ ಹಾಳಾಗುತ್ತಿತ್ತಲ್ಲ ಎಂದು ಅವನಿಗೆ ಗಾಬರಿಯಾಗಬೇಕಿತ್ತು. ಆಗಲಿಲ್ಲ. ಹೌದು, ಬೆಳ್ಳಗಿದೆ ಎಂದಷ್ಟೇ ಅನ್ನಿಸಿತು.

ತೊಂಬತ್ತೈದನ್ನು ಬಿಚ್ಚಿ ತಟ್ಟೆಯಲ್ಲಿಟ್ಟ. ಟಣ್ ಎಂದಿತು. ನೂರೈದಕ್ಕೆ ಟೂಲ್ ಬ್ಯಾಗಿನಲ್ಲಿ ಕೈಯಾಡಿಸಿದ. ಅಲ್ಲಿ ಇಲ್ಲವೆಂದು ಗೊತ್ತಿದ್ದೂ ಎರಡೆರಡು ಸಲ ಆಡಿಸಿದ.

ಸೀಸೆ ಎಲ್ಲಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮಗು ಬಂದ ಮೇಲೆ ಅವಳು ತನ್ನ ಕೈಚೀಲ ಬಿಟ್ಟು ಮಗುವಿನ ಚೀಲವನ್ನೇ ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಸೀಸೆ ಅದರ ಪಕ್ಕದ ಜೇಬಿಗೆ ಹೋಗಿತ್ತು. ಆ ಚೀಲ ಆಸ್ಪತ್ರೆಯಿಂದ ಬಂದ ಸಂಜೆ ಬೀರುವಿನ ಮೇಲೇರಿದ್ದು ಇಳಿದಿರಲಿಲ್ಲ. ಬೀರು ಇದ್ದ ಕೋಣೆಯಲ್ಲಿ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮಲಗಿದ್ದಳು ಎಂದರೆ ನಿದ್ದೆ ಮಾಡುತ್ತಿದ್ದಳು ಎಂದೇನಲ್ಲ.

ಅವನು ಬಾಗಿಲವರೆಗೆ ಹೋದ. ಕೈಯಿಂದ ಪೆಟ್ರೋಲ್ ವಾಸನೆ ಬರುತ್ತಿತ್ತು. ಅಲ್ಲಿಂದಲೇ ಬೀರುವಿನ ಮೇಲೆ ಚೀಲದ ಹಳದಿ ಅಂಚು ಕಂಡಿತು. ಸ್ವಲ್ಪ ಹೊತ್ತು ನಿಂತು, ನೀರು ಕುಡಿಯಲು ಬಂದವನ ಹಾಗೆ ಅಡುಗೆಮನೆಗೆ ತಿರುಗಿ, ನೀರು ಕುಡಿದು ವಾಪಸ್ ಬಂದ.

ಆಮೇಲೆ ಅವನು ಮಾಡಿದ್ದು ತಿಳಿದವರು ಮಾಡುವ ಕೆಲಸವಲ್ಲ. ತೊಂಬತ್ತೈದನ್ನೇ ತೊಳೆದು, ಬಾಯಿಂದ ಊದಿ, ಬೆಳಕಿಗೆ ಹಿಡಿದು ನೋಡಿ ಮತ್ತೆ ಅದೇ ಜಾಗಕ್ಕೆ ಹಾಕಿದ. ಜೆಟ್ ಮಾಡಬೇಕಾದ ಕೆಲಸವನ್ನು ಬೇರೆ ಭಾಗಗಳ ತಲೆಗೆ ಕಟ್ಟಲು ನೋಡಿದ. ಆಕ್ಸಿಲರೇಟರ್ ತಿರುವಿದಾಗ ಮೇಲೇಳುವ ಸ್ಲೈಡಿನೊಳಗಿನ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಇಳಿಸುವ ಕಡೆ ಎರಡು ಕಚ್ಚು ಇಳಿಸಿದ. ಕ್ಲಿಪ್ ಇಳಿದಷ್ಟೂ ಸೂಜಿ ಮೇಲೇಳುತ್ತದೆ, ಸೂಜಿ ಮೇಲೆದ್ದಷ್ಟೂ ಪೆಟ್ರೋಲ್ ಹೆಚ್ಚು. ಗಾಳಿ ಸ್ಕ್ರೂವನ್ನು ಒಳಗೆ ತಿರುಗಿಸಿದ. ಎಲ್ಲ ಜೋಡಿಸಿ ಕಿಕ್ ಹೊಡೆದ. ಎಂಜಿನ್ ಬಿಸಿಯಾಗುವವರೆಗೆ ಕಾದು, ಸ್ಕ್ರೂವನ್ನು ಕಾಲು ಸುತ್ತು ಆ ಕಡೆ ಕಾಲು ಸುತ್ತು ಈ ಕಡೆ ತಿರುವುತ್ತ ಕಿವಿಗೊಟ್ಟ. ಒಂದು ಹಂತದಲ್ಲಿ ಎಂಜಿನ್ನಿನ ಉಸಿರು ಸಮವಾಯಿತು. ಆಕ್ಸಿಲರೇಟರ್ ತಿರುವಿ ಬಿಟ್ಟರೆ ಒಂದೇ ಒಂದು ಸಣ್ಣ ಪಟ್, ಅಷ್ಟೇ.

"ಭೇಷ್!" ಮಾವ ಕತ್ತರಿ ಹಿಡಿದುಕೊಂಡೇ ಎದ್ದು ಬಂದರು. "ಲೇ, ಬಾರೇ ಇಲ್ಲಿ. ಟವರ್ ಸಾಹೇಬ್ರು ಗಾಡಿಗೆ ಕಷಾಯ ಕುಡಿಸಿಬಿಟ್ರು."

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದರು. "ಸರಿ ಹೋಯ್ತಾ? ಇನ್ನು ಮೇಲಕ್ಕೆ ಹತ್ತುತ್ತಾ?" ಎಂದವರು ತಾನೇನು ಕೇಳಿದೆ ಎಂದು ಹೊಳೆದು ತುಟಿ ಕಚ್ಚಿಕೊಂಡರು.

"ಜೆಟ್ ಹಾಗೇ ಇದೆಯಲ್ಲ."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಕೂದಲು ಒಂದು ಕಡೆ ಒತ್ತಿ ಹೋಗಿತ್ತು. ಕೋಣೆಯೊಳಗಿನಿಂದ ಕೇಳಿಸಿಕೊಂಡೇ ಎದ್ದು ಬಂದಿದ್ದಾಳೆ ಎಂದು ಅವನಿಗೆ ತಿಳಿಯಿತು.

"ಐಡ್ಲಿಂಗ್ ಸರಿಯಾಗಿದೆ," ಎಂದ.

"ಐಡ್ಲಿಂಗಿಗೂ ಮೇನ್ ಜೆಟ್ಟಿಗೂ ಏನ್ರೀ ಸಂಬಂಧ? ನಿಂತಲ್ಲಿ ಸರಿ ಇರುತ್ತೆ. ರೋಡಲ್ಲಿ ಪೂರ್ತಿ ಎಳೆದ್ರೆ?"

"ಊರೊಳಗೇ ತಾನೇ ಓಡಿಸೋದು. ನಡೆಯುತ್ತೆ."

"ಪಿಸ್ಟನ್ ಹಿಡ್ಕೊಳ್ಳುತ್ತೆ ಅಂತ ನನಗೆ ಹೇಳಿಕೊಟ್ಟೋರು ಯಾರು? ಕ್ಲಿಪ್ ಎಷ್ಟು ಕಚ್ಚು ಇಳಿಸಿದ್ರಿ?"

"ಎರಡು."

"ಎರಡು," ಎಂದಳು. ಬೈಗುಳವೂ ಅಲ್ಲ, ನಗುವೂ ಅಲ್ಲ. ಲೆಕ್ಕ ಪರೀಕ್ಷೆಯಲ್ಲಿ ಮೇಷ್ಟ್ರು ತಪ್ಪು ಗುರುತು ಹಾಕುವಾಗಿನ ದನಿ. "ಕೇಳಬಾರದಿತ್ತಾ?"

ಅವನು ನೈಲಾನ್ ಚೂರಿನಲ್ಲಿ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ನೀನು ಮಲಗಿದ್ದೆ," ಎಂದ.

ಅವಳು ಒಳಗೆ ಹೋದಳು. ಸ್ಟೂಲ್ ಎಳೆದ ಸದ್ದು ಕೇಳಿತು. ಅತ್ತೆ ಎರಡು ಹೆಜ್ಜೆ ಮುಂದಿಟ್ಟರು, ಮಾವ ಕತ್ತರಿಯ ಕೈಯನ್ನೇ ಅಡ್ಡ ಹಿಡಿದು ತಡೆದರು. ಅವಳು ಚೀಲ ಹಿಡಿದು ಬಂದು ಜಗಲಿಯಲ್ಲಿ, ಪತ್ರಿಕೆಯ ಅಂಚಿನಲ್ಲಿ, ಕುಕ್ಕರುಗಾಲಲ್ಲಿ ಕೂತಳು. ಪಕ್ಕದ ಜೇಬಿನ ಜಿಪ್ ಎಳೆದರೆ ಸೀಸೆ ಅಲ್ಲಿರಲಿಲ್ಲ. ಅವಸರದಲ್ಲಿ ದೊಡ್ಡ ಜೇಬಿಗೆ ಬಿದ್ದಿರಬೇಕು. ಅವಳು ದೊಡ್ಡ ಜಿಪ್ ತೆರೆದಳು. ಹುಳಿತ ಹಾಲಿನ ವಾಸನೆ ಬಂತು. ತೊಳೆಯದೆ ಉಳಿದ ಹಾಲಿನ ಬಾಟಲಿ ತೆಗೆದು ಪಕ್ಕಕ್ಕಿಟ್ಟಳು. ಮಡಚಿದ ಎರಡು ಬಟ್ಟೆ. ಒಂದು ಕಾಲುಚೀಲ, ಜೊತೆಯದಕ್ಕಾಗಿ ಚೀಲದೊಳಗೆ ಕೈಯಾಡಿಸಿದಳು, ಸಿಗಲಿಲ್ಲ, ಹುಡುಕುವುದು ನಿಲ್ಲಿಸಿದಳು. ತಳದಲ್ಲಿ ಸೀಸೆ.

ಅತ್ತೆ ಬಾಟಲಿಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟ ಸದ್ದು ಬಂತು. ನಲ್ಲಿ ಬಹಳ ಹೊತ್ತು ಓಡುತ್ತಲೇ ಇತ್ತು. ಮಾವ ಮೆಷೀನಿಗೆ ಹಿಂತಿರುಗಿ, ಹೊಲಿಯಲು ಏನೂ ಇಲ್ಲದ ಸೂಜಿಯ ಕೆಳಗೆ ಯಾವುದೋ ಚೂರು ಇಟ್ಟು ಪೆಡಲ್ ತುಳಿಯತೊಡಗಿದರು.

"ಬಿಚ್ಚಿ," ಎಂದಳು ಹೆಂಡತಿ. ತಟ್ಟೆಯನ್ನು ಬೌಲಿನ ಕೆಳಗೆ ಹಿಡಿದಳು.

ಅವನು ನಟ್ ಬಿಚ್ಚಿದ. ಪೆಟ್ರೋಲ್ ತಟ್ಟೆಗೆ ಸುರಿದು, ಅವಳ ಬೆರಳ ಮೇಲೂ ಹರಿಯಿತು. ತೊಂಬತ್ತೈದು ಹೊರಬಂತು. ಅವಳು ಸೀಸೆಯನ್ನು ಅಂಗೈಗೆ ಬಗ್ಗಿಸಿ ನೂರೈದನ್ನು ಉರುಳಿಸಿಕೊಂಡು, ನಂಬರನ್ನು ಬೆಳಕಿಗೆ ತಿರುಗಿಸಿ ಓದಿ, ಕೊಟ್ಟಳು. ಅವನು ಬೆರಳಲ್ಲೇ ಮೊದಲ ಸುತ್ತುಗಳನ್ನು ಕೂರಿಸಿ, ಆಮೇಲೆ ಸ್ಕ್ರೂಡ್ರೈವರ್ ಹಾಕಿ ಹಗುರವಾಗಿ ಬಿಗಿದ. ಹಿತ್ತಾಳೆ ಮೆತ್ತನೆಯ ಲೋಹ, ಜೋರು ಮಾಡಿದರೆ ತಿರುಪಿನ ಥ್ರೆಡ್ ಕಿತ್ತುಬರುತ್ತದೆ. ಸ್ಲೈಡ್ ಎಳೆದು ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ತಂದ. ಇಬ್ಬರ ಕೈಗಳಿಗೂ ಕೆಲಸ ಗೊತ್ತಿತ್ತು.

ಗಾಡಿ ಶುರುವಾಗಿ ಬಿಸಿಯಾದ ಮೇಲೆ ಗಾಳಿ ಸ್ಕ್ರೂವನ್ನು ಮತ್ತೆ ಮೊದಲಿನಿಂದ ಕೂರಿಸಿದ. ತಿರುವಿ ಬಿಟ್ಟ. ಸಿಡಿಯಲಿಲ್ಲ.

"ಪ್ಲಗ್ ನೋಡಬೇಕಲ್ಲ," ಎಂದಳು.

ನೋಡಬೇಕಿತ್ತು. ಜೆಟ್ ಸರಿಯೋ ತಪ್ಪೋ ಹೇಳುವುದು ಪ್ಲಗ್. ಉದ್ದ ರಸ್ತೆಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟು ಓಡಿಸಿ, ಓಟದಲ್ಲೇ ಎಂಜಿನ್ ಆಫ್ ಮಾಡಿ ನಿಲ್ಲಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಬೇಕು.

"ಹೋಗಿ ಬರ್ತೀನಿ," ಎಂದ.

"ನಾನೂ ಬರ್ತೀನಿ. ಒಬ್ಬರೇ ಕೂತ್ರೆ ಎಂಜಿನ್ನಿಗೆ ಭಾರ ಎಲ್ಲಿ ಬೀಳುತ್ತೆ?"

ಅವಳು ಮನೆಯಿಂದ ಹೊರಗೆ ಹೆಜ್ಜೆಯಿಟ್ಟು ಎಷ್ಟೋ ದಿನವಾಗಿತ್ತು. ಮಾವ ಪೆಡಲ್ ನಿಲ್ಲಿಸಿದರು, ಆದರೆ ತಲೆ ಎತ್ತಲಿಲ್ಲ. ಅವಳು ಚಪ್ಪಲಿ ಮೆಟ್ಟಿ ಹಿಂದೆ ಕೂತಳು. ನಡುವೆ ಒಂದು ಗೇಣು ಜಾಗ ಬಿಟ್ಟು ಕೂತಳು. ಮಗುವನ್ನು ಕೂರಿಸುವ ಅಭ್ಯಾಸ. ಗೇಟು ದಾಟುವವರೆಗೆ ಅದು ಅವಳ ಗಮನಕ್ಕೆ ಬಂದಿರಲಿಲ್ಲ. ಬಂದ ಮೇಲೂ ಸರಿಯಲಿಲ್ಲ.

ಮುಖ್ಯರಸ್ತೆ ಗೋದಾಮುಗಳ ಸಾಲು ದಾಟಿದ ಮೇಲೆ ನೆಟ್ಟಗಾಗುತ್ತದೆ. ಭಾನುವಾರವಾದ್ದರಿಂದ ಲಾರಿಗಳು ಷಟರಿನ ಮುಂದೆ ಸಾಲಾಗಿ ನಿಂತಿದ್ದವು. ಅವನು ಕೊನೆಯ ಗೇರಿಗೆ ಹಾಕಿ ಕೈಯನ್ನು ಪೂರ್ತಿ ತಿರುಗಿಸಿದ. ಗಾಡಿ ಎಲ್ಲೂ ತಡವರಿಸದೆ ಎಳೆಯಿತು. ಇಷ್ಟು ಸಲೀಸಾಗಿ ಓಡಿದರೆ ಮೊದಲೆಲ್ಲ ಅವನಿಗೆ ಒಂಥರಾ ಹುಮ್ಮಸ್ಸು ಬರುತ್ತಿತ್ತು. ಈಗ ಸ್ಪೀಡೋಮೀಟರಿನ ಮುಳ್ಳು ಏರಿತು, ಅವನು ಅದನ್ನು ನೋಡಿದ. ರಸ್ತೆ ಮುಂದೆ ಎರಡಾಗುವ ಕಡೆ, ಎಡಕ್ಕೆ ಬೆಟ್ಟದ ದಾರಿ ಹೊರಳುವ ಮೊದಲು, ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿದ. ಗಾಡಿ ತನ್ನಷ್ಟಕ್ಕೆ ಹರಿದು ಒಂದು ಮುಚ್ಚಿದ ಪಂಕ್ಚರ್ ಅಂಗಡಿಯ ಮುಂದೆ ನಿಂತಿತು. ಗಾಳಿಯ ಸದ್ದು ನಿಂತು, ಎಂಜಿನ್ ಆರುತ್ತ ಟಿಕ್ ಟಿಕ್ ಎನ್ನುವುದು ಕೇಳಿಸತೊಡಗಿತು.

ಅವನು ಪ್ಲಗ್ ಬಿಚ್ಚಿ ನೈಲಾನ್ ಬಟ್ಟೆಯಲ್ಲಿ ಹಿಡಿದ. ಬಟ್ಟೆ ಕರಗಿ ಬೆರಳಿಗೆ ಅಂಟಿತು. ಅವನು ಕೈ ಕೊಡವಲಿಲ್ಲ. ಸುಟ್ಟಿದೆ ಎಂದು ಸ್ವಲ್ಪ ತಡವಾಗಿ ತಿಳಿಯಿತು.

"ಬೆರಳು," ಎಂದಳು. ಪ್ಲಗ್ಗನ್ನು ತನ್ನ ಕರ್ಚೀಫಿಗೆ ತೆಗೆದುಕೊಂಡಳು. ಇಬ್ಬರೂ ಬಗ್ಗಿ ನೋಡಿದರು. ಬಿಸ್ಕತ್ತಿನ ಬಣ್ಣ. ಬೇಕಾದ್ದು ಅದೇ.

ಪ್ಲಗ್ಗಿನ ಮೇಲೇ ಕಣ್ಣಿಟ್ಟು ಅವನು ಕೇಳಿದ: "ನಾಳೆ ಡ್ಯೂಟಿ. ನೀನು ಬರ್ತೀಯಾ?"

ಅವಳು ಕರ್ಚೀಫನ್ನು ಪ್ಲಗ್ಗಿಗೆ ಇನ್ನೊಂದು ಸುತ್ತು ಸುತ್ತಿದಳು.

"ಅಲ್ಲಿ ಹಗ್ಗದ ಮೇಲೆ ಬಟ್ಟೆ ಹಾಗೇ ಬಿಟ್ಟು ಬಂದ್ವಿ."

"ಡ್ರೈವರ್ ಒಳಗೆ ತಂದಿಟ್ಟಿದಾನಂತೆ. ಮಡಚಿ ಮಂಚದ ಮೇಲೆ ಇಟ್ಟಿದೀನಿ ಅಂದ."

"ಮಡಚಿದಾನಾ?"

"ಹೂಂ."

"ಅವನಿಗೆ ಸಣ್ಣ ಬಟ್ಟೆ ಮಡಚೋಕೆ ಬರುತ್ತಾ?" ಎಂದಳು. ಉತ್ತರಕ್ಕೆ ಕಾಯಲಿಲ್ಲ. "ನಾನು ಬರಲ್ಲ ರೀ. ಈಗ ಅಂತ ಅಲ್ಲ, ಆಮೇಲೆ ಅಂತಾನೂ ಅಲ್ಲ. ಆ ಮನೆಗೆ ನಾನು ಬರಲ್ಲ. ಕನ್ನಡಕದ ಅಂಗಡಿಯವರು ಅಪ್ಪನ ಹತ್ರ ಹೇಳಿ ಕಳಿಸಿದ್ರು, ನನ್ನ ಹಳೇ ಕೆಲಸ ಖಾಲಿ ಇದೆಯಂತೆ. ಹೋಗ್ತೀನಿ."

"ವರ್ಗಕ್ಕೆ ಕೇಳ್ತೀನಿ. ಬೇಗ ಸಿಗಲ್ಲ. ವರ್ಷ ಆಗಬಹುದು."

"ಆಗಲಿ."

"ಅಲ್ಲಿವರೆಗೆ?"

"ರಜೆ ಸಿಕ್ಕಾಗ ಇಳಿದು ಬನ್ನಿ." ಅವಳು ರಸ್ತೆಯ ಆ ಬದಿಗೆ ನೋಡಿದಳು. "ಆ ಬಟ್ಟೆ ಎಲ್ಲ ನೀವೇ ತೆಗೆದಿಡಿ. ಎಲ್ಲಿಟ್ರಿ ಅಂತ ನನಗೆ ಹೇಳಬೇಡಿ."

ಅವನು ಹೂಂ ಅಂದ. ಇಷ್ಟು ದಿನ ಯಾವ ಮಾತಿಗೆ ಹೆದರಿದ್ದನೋ ಅದು ಬಂದು, ಆಡಿ ಮುಗಿದೂ ಹೋಗಿತ್ತು. ಸುಟ್ಟ ಬೆರಳು ಮಾತ್ರ ಈಗ ಉರಿಯತೊಡಗಿತ್ತು. ಅವನು ಪ್ಲಗ್ಗನ್ನು ಅವಳಿಂದ ತೆಗೆದುಕೊಂಡು ವಾಪಸ್ ಹಾಕಿ ಬಿಗಿದ. ಕ್ಯಾಪ್ ಒತ್ತಿದ.

"ನಾನು ಬಸ್ಸಲ್ಲಿ ಹೋಗ್ತೀನಿ," ಎಂದ. "ಗಾಡಿ ಇಲ್ಲೇ ಇರಲಿ. ಅಂಗಡಿ ದೂರ ಇದೆ. ಇಲ್ಲಿಗೆ ಬೇಕಾದ ಜೆಟ್ಟೇ ಇದೆ, ಮುಟ್ಟೋದು ಬೇಡ."

"ನಾನು ಓಡಿಸಿರೋದು ಗೇರಿಲ್ಲದ ಸ್ಕೂಟರು."

"ಕಲಿತರೆ ಬರುತ್ತೆ."

"ಯಾವಾಗ ಕಲಿಸ್ತೀರಿ? ನಾಳೆ ಬೆಳಿಗ್ಗೆ ಬಸ್ ಹತ್ತಿ ಹೋಗ್ತೀರಲ್ಲ."

ಅವನು ಗಾಡಿಯಿಂದ ಪಕ್ಕಕ್ಕೆ ಸರಿದು ಹ್ಯಾಂಡಲನ್ನು ಅವಳ ಕಡೆಗೆ ವಾಲಿಸಿದ. ಅವಳು ಒಂದು ಕ್ಷಣ ಅದನ್ನು ನೋಡಿ, ಕರ್ಚೀಫನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲು ಹಾಕಿ ಕೂತಳು. ಕಿಕ್ಕರ್ ಬಿಡಿಸಿ ಒದ್ದಳು. ಏನೂ ಆಗಲಿಲ್ಲ. ಚೋಕಿಗೆ ಕೈ ಹಾಕಿದಳು.

"ಚೋಕ್ ಬೇಡ. ಎಂಜಿನ್ ಬಿಸಿ ಇದೆ. ಆಕ್ಸಿಲರೇಟರ್ ಕೂಡ ಮುಟ್ಟಬೇಡ. ಪೂರ್ತಿ ಕೆಳಗಿನವರೆಗೆ ತುಳಿ."

ತುಳಿದಳು. ಕಿಕ್ಕರ್ ತಿರುಗಿ ಹೊಡೆದು ಮೊಣಕಾಲ ಕೆಳಗೆ ಬಡಿಯಿತು. "ಹಾಳಾದ್ದು!" ಎಂದಳು. ಇಷ್ಟು ದಿನಗಳಲ್ಲಿ ಅವಳು ಯಾವುದರ ಮೇಲಾದರೂ ಸಿಟ್ಟಾದದ್ದು ಇದೇ ಮೊದಲು. ಮತ್ತೆ ತುಳಿದಳು. ಗಾಡಿ ಶುರುವಾಯಿತು.

ಅವನು ಹಿಂದೆ ಕೂತ. ಈ ಸೀಟಿನಲ್ಲಿ ಅವನು ಹಿಂದೆ ಕೂತವನೇ ಅಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಹಿಂದಿನ ಕಂಬಿಯನ್ನು ಹಿಡಿದುಕೊಂಡ.

"ಕ್ಲಚ್ ನಿಧಾನ ಬಿಡು. ಇನ್ನೂ ನಿಧಾನ."

ಗಾಡಿ ಎರಡು ಸಲ ಕುಪ್ಪಳಿಸಿ ನಿಂತುಹೋಯಿತು. ಮೂರನೇ ಸಲ ಹೊರಟಿತು. ಅವಳು ರಸ್ತೆ ಅಗಲಕ್ಕೂ ಸುತ್ತಿ, ಊರಿನ ಕಡೆಗೆ ತಿರುಗಿದಳು. ಎರಡನೇ ಗೇರು ಯಾವಾಗ ಎಂದು ಅವನು ಹೇಳಿದ. ಗೋದಾಮುಗಳು, ಸಾಲು ಲಾರಿಗಳು ಹಿಂದೆ ಸರಿದವು. ಮನೆಯ ಬೀದಿಯ ತಿರುವು ಬಂದಾಗ ಅವಳ ಎರಡೂ ಕೈ ಹ್ಯಾಂಡಲನ್ನು ಬಿಗಿಯಾಗಿ ಹಿಡಿದಿದ್ದವು, ಇಂಡಿಕೇಟರಿನ ನೆನಪೇ ಇರಲಿಲ್ಲ. ಹಿಂದಿನಿಂದ ಒಂದು ಕಾರು ಬರುತ್ತಿತ್ತು. ಅವನು ಕಂಬಿ ಬಿಟ್ಟು, ಉರಿಯುವ ಬೆರಳಿನ ಕೈಯನ್ನು ಬಲಕ್ಕೆ ಚಾಚಿ ಹಿಡಿದ.